ದಡದಿಂದ ಮಾತು ಕೇಳಿದ ದೋಣಿ – ನಿಕೋಲಾ ಟೆಸ್ಲಾ



ಈ ಸಲದ ನಮ್ಮ ಗೋಡೆ ಪತ್ರಿಕೆಗೆ 'ನಾನು ಮೆಚ್ಚಿದ ಮಹನೀಯರು' ಅಂತ ವಿಷಯ ಕೊಟ್ಟಿದ್ದಾರೆ. ನಮ್ಮ ತರಗತಿಯಲ್ಲಿ ನಾಲ್ಕು ಜನ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆದಿದ್ದಾರೆ, ಮೂರು ಜನ ಗಾಂಧೀಜಿ ಬಗ್ಗೆ ಬರೆದಿದ್ದಾರೆ. ನಾನು ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ಒಂದು ತಗಡಿನ ದೋಣಿ. ಅದನ್ನು ಮೊದಲು ಹೇಳದಿದ್ದರೆ ನನ್ನ ಲೇಖನ ಮುಂದೆ ಹೋಗುವುದಿಲ್ಲ. ಒಂದು ಡ್ರಾಯಿಂಗ್ ಶೀಟಿನಲ್ಲಿ ಜಾಗ ಸಾಲದೆ ಮೂರು ಶೀಟ್ ಅಂಟಿಸಿದ್ದೇನೆ, ದಯವಿಟ್ಟು ಬೇಸರ ಮಾಡಿಕೊಳ್ಳದೆ ಓದಿ.

ಹೋದ ವರ್ಷ ನಮ್ಮೂರ ಜಾತ್ರೆಯಲ್ಲಿ ನಾನು, ನಮ್ಮಣ್ಣ ಸೇರಿ ಒಂದು ಪಟಪಟ ದೋಣಿ ಕೊಂಡುಕೊಂಡೆವು. ಅಂಗಡಿಯವರು 100 ರೂಪಾಯಿ ಹೇಳಿದರು, ಅಣ್ಣ ಚೌಕಾಸಿ ಮಾಡಿ 80ಕ್ಕೆ ಇಳಿಸಿದ. ಹಾಗೇ ತಗೊಳ್ಳಲಿಲ್ಲ. ಹಿಂದಿರುವ ಎರಡು ಕೊಳವೆಗೆ ಬಾಯಿ ಇಟ್ಟು ಊದಿ, ದೋಣಿಯನ್ನು ಅಂಗಡಿಯವರ ಬೋಗುಣಿ ನೀರಲ್ಲಿ ಮುಳುಗಿಸಿ ಎಲ್ಲಾದರೂ ಗುಳ್ಳೆ ಬರುತ್ತಾ ಅಂತ ನೋಡಿದ. ಗುಳ್ಳೆ ಬಂದರೆ ಬೆಸುಗೆ ಬಿಟ್ಟಿದೆ ಅಂತ ಅರ್ಥ, ಅಂಥದ್ದು ಓಡುವುದಿಲ್ಲ. ಎರಡು ದೋಣಿ ವಾಪಸ್ ಕೊಟ್ಟು ಮೂರನೆಯದು ತೆಗೆದುಕೊಂಡ.

ಈ ದೋಣಿ ಹೇಗೆ ಓಡುತ್ತೆ ಗೊತ್ತಾ? ಒಳಗೆ ಒಂದು ಚಪ್ಪಟೆ ತಗಡಿನ ಡಬ್ಬಿ ಇದೆ. ಅದರಿಂದ ಎರಡು ಕೊಳವೆ ಹಿಂದಕ್ಕೆ ನೀರಿಗೆ ಇಳಿದಿವೆ. ಮೊದಲು ಕೊಳವೆಗೆ ನೀರು ತುಂಬಿಸಬೇಕು. ಆಮೇಲೆ ಡಬ್ಬಿಯ ಕೆಳಗೆ ಎಣ್ಣೆಬತ್ತಿ ಹಚ್ಚಿ ಇಡಬೇಕು. ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದೂಡುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣ್ಣಗಾದ ಕೂಡಲೇ ಮತ್ತೆ ನೀರು ಒಳಕ್ಕೆ ಎಳೆದುಕೊಳ್ಳುತ್ತೆ. ಹೀಗೆ ಪಟಪಟ ಪಟಪಟ ಅಂತ ಸದ್ದು ಬರುತ್ತದೆ. ಹಿಂದುಗಡೆ ಚುಕ್ಕಾಣಿ ಅಂತ ಒಂದು ತಗಡಿನ ಚೂರು ಇದೆ. ಅದನ್ನು ಬಗ್ಗಿಸಿದರೆ ದೋಣಿ ಬೋಗುಣಿಯಲ್ಲಿ ಸುತ್ತು ಹೊಡೆಯುತ್ತದೆ. ನೆಟ್ಟಗೆ ಮಾಡಿದರೆ ನೆಟ್ಟಗೆ ಹೋಗುತ್ತದೆ, ಆದರೆ ವಾಪಸ್ ಬಾ ಅಂದರೆ ಬರುವುದಿಲ್ಲ.

ಕೆರೆಗೆ ತಗೊಂಡು ಹೋಗಬೇಡ ಅಂತ ಅಣ್ಣ ಹೇಳಿದ್ದ. ನಾನು ಕೇಳಲಿಲ್ಲ. ಒಂದು ಭಾನುವಾರ ಚುಕ್ಕಾಣಿ ನೆಟ್ಟಗೆ ಮಾಡಿ ಕೆರೆಯಲ್ಲಿ ಬಿಟ್ಟೆ. ಅದು ಪಟಪಟ ಅಂತ ಜೊಂಡಿನ ಕಡೆಗೆ ಹೊರಟೇ ಹೋಯಿತು. ನಾನು ಬಾ ಬಾ ಅಂತ ಕೂಗಿದೆ. (ನಗಬೇಡಿ, ನಿಜವಾಗಿಯೂ ಕೂಗಿದೆ.) ಆಮೇಲೆ ಅದರ ಹಿಂದೆ ನೀರಿಗೆ ಇಳಿದೆ. ಮೊಣಕಾಲು, ಸೊಂಟ, ಆಮೇಲೆ ಇದ್ದಕ್ಕಿದ್ದ ಹಾಗೆ ಕಾಲು ಹೂಳಿನಲ್ಲಿ ಹೂತುಕೊಂಡು ನೀರು ಗಂಟಲಿಗೆ ಬಂತು. ಮೆಟ್ಟಿಲ ಹತ್ತಿರ ಎತ್ತು ತೊಳೆಯುತ್ತಿದ್ದ ಅಣ್ಣ ಓಡಿ ಬಂದು ನನ್ನ ಅಂಗಿ ಕೊರಳಪಟ್ಟಿ ಹಿಡಿದು ಎಳೆದ. ಮನೆಗೆ ಹೋದರೆ ಅವ್ವ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ತಲೆ ಒರೆಸಿ ಒಲೆ ಮುಂದೆ ಕೂತುಬಿಟ್ಟಳು. ಅವತ್ತು ರಾತ್ರಿ ಊಟ ಕೂಡ ಮಾಡಲಿಲ್ಲ.

ಸೋಮವಾರ ಈ ಸಂಗತಿ ಶಾಲೆಗೆಲ್ಲ ಗೊತ್ತಾಗಿತ್ತು. ನಮ್ಮ ವಿಜ್ಞಾನ ಮೇಷ್ಟ್ರು ಎಲ್ಲರ ಮುಂದೆ ನಿಲ್ಲಿಸಿ ಬುದ್ಧಿ ಹೇಳಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಒಂದು ದೋಣಿ ಬರೆದು, ದಡದಲ್ಲಿ ನಿಂತುಕೊಂಡೇ ದೋಣಿಯನ್ನು ತಿರುಗಿಸುವ ಉಪಾಯವನ್ನು 1898ರಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ, ದಾರವೂ ಇಲ್ಲ ತಂತಿಯೂ ಇಲ್ಲ ಅಂತ ಹೇಳಿದರು. ಅವರೇ ಟೆಸ್ಲಾ. ಆಮೇಲೆ ಮೇಷ್ಟ್ರು ಕೊಟ್ಟ ಪುಸ್ತಕ ಓದಿ, ಅವರ ಹತ್ತಿರ ಕೇಳಿ ಕೇಳಿ ಇಷ್ಟು ತಿಳಿದುಕೊಂಡಿದ್ದೇನೆ.

ನಿಕೋಲಾ ಟೆಸ್ಲಾ ಅವರು 1856ನೇ ಇಸವಿ ಜುಲೈ 10ರಂದು ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ಇವರದು ಸರ್ಬಿಯನ್ ಮನೆತನ. ತಂದೆಯ ಹೆಸರು ಮಿಲುಟಿನ್, ಅವರು ಚರ್ಚಿನ ಪಾದ್ರಿ. ತಾಯಿಯ ಹೆಸರು ಜೂಕಾ. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಉದ್ದುದ್ದ ಕಥನ ಪದ್ಯಗಳು ಬಾಯಿಪಾಠ ಇದ್ದವು. ಮನೆಗೆ ಬೇಕಾದ ಸಲಕರಣೆಗಳನ್ನು ತಾವೇ ಯೋಚನೆ ಮಾಡಿ ಮಾಡಿಕೊಳ್ಳುತ್ತಿದ್ದರು, ನೂಲು ತೆಗೆದು ನೇಯುತ್ತಿದ್ದರು. ನನಗೆ ಹೊಸದು ಕಂಡುಹಿಡಿಯುವ ಬುದ್ಧಿ ಬಂದದ್ದು ತಾಯಿಯಿಂದಲೇ ಎಂದು ಟೆಸ್ಲಾ ನಂಬಿದ್ದರು. ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾದರು. ಅವರಿಗೂ ಸಹಿ ಬರುವುದಿಲ್ಲ, ಸೋಬಾನೆ ಪದ ಹಾಡೋಕೆ ಕೂತರೆ ಬೆಳಗಾಗುತ್ತೆ.

ಟೆಸ್ಲಾ ಅವರಿಗೆ ಮೂವರು ಸೋದರಿಯರು, ಒಬ್ಬ ಅಣ್ಣ. ಅಣ್ಣನ ಹೆಸರು ಡಾನೆ. ಅವನು ತುಂಬಾ ಬುದ್ಧಿವಂತ. ನಿಕೋಲಾ ಚಿಕ್ಕವನಾಗಿದ್ದಾಗಲೇ ಡಾನೆ ಕುದುರೆಯ ಅಪಘಾತದಲ್ಲಿ ಸತ್ತುಹೋದ. ತಂದೆತಾಯಿಗೆ ಆ ದುಃಖ ಕೊನೆಯವರೆಗೂ ಆರಲಿಲ್ಲ. ತಾನು ಏನಾದರೂ ಚೆನ್ನಾಗಿ ಮಾಡಿದರೆ ತಂದೆತಾಯಿಗೆ ಸಂತೋಷಕ್ಕಿಂತ ಹೆಚ್ಚಾಗಿ ಹೋದ ಮಗನ ನೆನಪೇ ಬರುತ್ತಿತ್ತು ಅಂತ ಟೆಸ್ಲಾ ದೊಡ್ಡವರಾದ ಮೇಲೆ ಬರೆದುಕೊಂಡಿದ್ದಾರೆ. ನಾನು ಈ ಪುಟವನ್ನು ಎರಡು ಸಲ ಓದಿದೆ. ಅವ್ವ ಅವತ್ತು ಯಾಕೆ ಹೊಡೆಯದೆ ಸುಮ್ಮನೆ ಕೂತಿದ್ದಳು ಅಂತ ಆವಾಗ ಗೊತ್ತಾಯಿತು.

ನಿಕೋಲಾನಿಗೆ ನೀರು ಅಂದರೆ ಬಹಳ ಇಷ್ಟ. ಹಳ್ಳದಲ್ಲಿ ಮರದ ಕೊರಡಿನಿಂದ ಒಂದು ಚಕ್ರ ಮಾಡಿ ನಿಲ್ಲಿಸಿದ್ದ. ಆ ಚಕ್ರಕ್ಕೆ ಹಲಗೆಗಳೇ ಇರಲಿಲ್ಲ, ನುಣುಪಾಗಿತ್ತು, ಆದರೂ ತಿರುಗುತ್ತಿತ್ತು! ಇನ್ನೊಂದು ಸಲ ಜೀರುಂಡೆಯಂಥ ಹುಳಗಳನ್ನು ಕಡ್ಡಿಗೆ ಅಂಟಿಸಿ ಅವು ರೆಕ್ಕೆ ಬಡಿದಾಗ ಕಡ್ಡಿ ತಿರುಗುವಂತೆ ಮಾಡಿದ್ದ. ಇದು ನನಗೆ ಸರಿ ಕಾಣಲಿಲ್ಲ, ಹುಳಗಳಿಗೆ ನೋವಾಗುವುದಿಲ್ಲವೇ. ಆದರೆ ಅಲ್ಲಿಗೆ ಬಂದ ಇನ್ನೊಬ್ಬ ಹುಡುಗ ಆ ಹುಳಗಳನ್ನು ಬಾಯಿಗೆ ಹಾಕಿಕೊಂಡು ತಿಂದುಬಿಟ್ಟನಂತೆ. ಅದನ್ನು ನೋಡಿದ ಮೇಲೆ ನಿಕೋಲಾ ಇನ್ನು ಯಾವತ್ತೂ ಹುಳ ಮುಟ್ಟಲಿಲ್ಲ.

1862ರಲ್ಲಿ ಇವರ ಮನೆಯವರು ಗೊಸ್ಪಿಚ್ ಎಂಬ ಪಟ್ಟಣಕ್ಕೆ ಬಂದರು. ಅಲ್ಲಿ ನಡೆದ ಒಂದು ಸಂಗತಿ ಬಹಳ ಚೆನ್ನಾಗಿದೆ. ಊರಿಗೆ ಬೆಂಕಿ ಆರಿಸುವ ಹೊಸ ಯಂತ್ರ ಬಂದಿತ್ತು. ಎಲ್ಲರೂ ಸಮವಸ್ತ್ರ ಹಾಕಿಕೊಂಡು, ಭಾಷಣ ಮಾಡಿ, ನದಿಯ ಹತ್ತಿರ ಪಂಪು ಒತ್ತಿದರು. ಎಷ್ಟು ಜನ ಒತ್ತಿದರೂ ಒಂದು ಹನಿ ನೀರು ಬರಲಿಲ್ಲ. ದೊಡ್ಡವರೆಲ್ಲ ಯಂತ್ರವನ್ನೇ ನೋಡುತ್ತಿದ್ದರು. ನಿಕೋಲಾ ನೀರಿಗಿಳಿದು ಪೈಪು ತಡಕಾಡಿದ. ಅದು ನೀರೊಳಗೆ ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು. ಬಿಡಿಸಿದ ಕೂಡಲೇ ನೀರು ಚಿಮ್ಮಿ ಎಲ್ಲರ ಹೊಸ ಬಟ್ಟೆ ಒದ್ದೆಯಾಯಿತು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಮ್ಮ ಹೊಲದ ಪಂಪು ನೀರು ಎತ್ತದಿದ್ದಾಗ ಅಪ್ಪ ಕೂಡ ಮೊದಲು ನೋಡುವುದು ಪೈಪನ್ನೇ.

ಆ ದಿನಗಳಲ್ಲೇ ನಯಾಗರ ಜಲಪಾತದ ವರ್ಣನೆ ಓದಿ, ನಾನು ಅಮೆರಿಕಕ್ಕೆ ಹೋಗಿ ಆ ನೀರಿನಿಂದ ದೊಡ್ಡ ಚಕ್ರ ತಿರುಗಿಸುತ್ತೇನೆ ಅಂತ ತನ್ನ ಮಾವನ ಹತ್ತಿರ ಹೇಳಿದ್ದ. ಈ ಮಾತು ಮರೆಯಬೇಡಿ, ಮುಂದೆ ಬರುತ್ತದೆ.

ತಂದೆಗೆ ಮಗ ಪಾದ್ರಿಯಾಗಬೇಕು ಅಂತ ಆಸೆ. ಮಗನಿಗೆ ಎಂಜಿನಿಯರಾಗುವ ಆಸೆ. 1873ರಲ್ಲಿ ಕಾರ್ಲೊವಾಟ್ಸ್ ಎಂಬಲ್ಲಿ ಓದು ಮುಗಿಸಿ ಊರಿಗೆ ಬಂದಾಗ ಕಾಲರಾ ತಗುಲಿತು. ಒಂಬತ್ತು ತಿಂಗಳು ಹಾಸಿಗೆ ಹಿಡಿದರು. ಬದುಕುವುದಿಲ್ಲ ಅಂತಲೇ ಎಲ್ಲರೂ ತಿಳಿದರು. ಒಬ್ಬ ಮಗನನ್ನು ಆಗಲೇ ಕಳೆದುಕೊಂಡಿದ್ದ ತಂದೆ, ನೀನು ಹುಷಾರಾಗು, ಎಂಜಿನಿಯರಿಂಗ್ ಶಾಲೆಗೇ ಕಳಿಸುತ್ತೇನೆ ಅಂತ ಮಾತು ಕೊಟ್ಟರು. ಹುಷಾರಾದರು. 1875ರಲ್ಲಿ ಗ್ರಾಟ್ಸ್ ಪಟ್ಟಣಕ್ಕೆ ಓದಲು ಹೋದರು. ಮೊದಲ ವರ್ಷ ತುಂಬಾ ಚೆನ್ನಾಗಿ ಓದಿದರು. ಆಮೇಲೆ ಇಸ್ಪೀಟಿನ ಜೂಜಿಗೆ ಬಿದ್ದು ಪದವಿ ಪೂರ್ತಿ ಮಾಡಲಿಲ್ಲ. ಮಹನೀಯರ ಬಗ್ಗೆ ಬರೆಯುವಾಗ ಇದನ್ನು ಬಿಡಬೇಕು ಅಂತ ನನ್ನ ಗೆಳೆಯ ಹೇಳಿದ. ನಡೆದಿದ್ದು ನಿಜ ಅಲ್ಲವೇ, ಅದಕ್ಕೇ ಬರೆದಿದ್ದೇನೆ. ಮುಂದೆ ಜೂಜು ಬಿಟ್ಟರು.

ಈಗ ಸ್ವಲ್ಪ ಬೇಗ ಬೇಗ ಹೇಳುತ್ತೇನೆ. ಬುಡಾಪೆಸ್ಟಿನಲ್ಲಿ ಟೆಲಿಫೋನ್ ಕೆಲಸ ಮಾಡಿದರು. ಅಲ್ಲಿ 1882ರಲ್ಲಿ ಒಂದು ಉದ್ಯಾನದಲ್ಲಿ ನಡೆಯುತ್ತಿರುವಾಗ ಪರ್ಯಾಯ ವಿದ್ಯುತ್ತಿನಿಂದ, ಅಂದರೆ ಎ.ಸಿ. ಕರೆಂಟಿನಿಂದ ಓಡುವ ಮೋಟಾರು ಹೊಳೆಯಿತು. ಕಿಡಿ ಹಾರಿಸುವ ಬ್ರಷ್ಷುಗಳು ಅದಕ್ಕೆ ಬೇಡ. ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿ 1884ರ ಜೂನಿನಲ್ಲಿ ನ್ಯೂಯಾರ್ಕಿಗೆ ಇಳಿದಾಗ ಜೇಬಿನಲ್ಲಿ 4 ಸೆಂಟ್ ಮಾತ್ರ ಇತ್ತಂತೆ. ಎಡಿಸನ್ ಕಂಪನಿಯಲ್ಲಿ ಕೆಲವು ತಿಂಗಳು ದುಡಿದು ಬಿಟ್ಟರು. ಆಮೇಲೆ ಕಷ್ಟ ಬಂತು. 1886ರಲ್ಲಿ ದಿನಕ್ಕೆ 2 ಡಾಲರಿಗೆ ಗುಂಡಿ ತೋಡುವ ಕೂಲಿ ಮಾಡಿದರು. ಮನಸ್ಸಿನಲ್ಲಿ ಅಷ್ಟು ದೊಡ್ಡ ಮೋಟಾರು ಇಟ್ಟುಕೊಂಡು ಕೈಯಲ್ಲಿ ಸನಿಕೆ! 1888ರಲ್ಲಿ ಮೋಟಾರಿಗೆ ಪೇಟೆಂಟ್ ಸಿಕ್ಕಿತು, ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿ ಅದನ್ನು ತೆಗೆದುಕೊಂಡರು. 1893ರ ಚಿಕಾಗೋ ಮೇಳದಲ್ಲಿ ಎ.ಸಿ. ಕರೆಂಟಿನ ದೀಪಗಳು ಉರಿದವು. ಇದೇ ಮೇಳದ ಸಮಯದಲ್ಲಿ ಸ್ವಾಮಿ ವಿವೇಕಾನಂದರು ಚಿಕಾಗೋದಲ್ಲಿ ಭಾಷಣ ಮಾಡಿದ್ದು. 1896ರಲ್ಲಿ ವಿವೇಕಾನಂದರೂ ಟೆಸ್ಲಾ ಅವರೂ ನ್ಯೂಯಾರ್ಕಿನಲ್ಲಿ ಭೇಟಿಯಾಗಿದ್ದರು.

ನಯಾಗರದ ಮಾತು ಹೇಳಿದ್ದೆನಲ್ಲ, 1896ರ ನವೆಂಬರಿನಲ್ಲಿ ನಯಾಗರದ ನೀರಿನಿಂದ ತಯಾರಾದ ವಿದ್ಯುತ್ತು ಬಫಲೋ ನಗರಕ್ಕೆ ಹೋಯಿತು. ಟೆಸ್ಲಾ ಅವರ ಎ.ಸಿ. ಪದ್ಧತಿಯಿಂದಲೇ ಅದು ಸಾಧ್ಯವಾದದ್ದು. ಅದಾದ ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಎ.ಸಿ. ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಪ್ರವಾಸಕ್ಕೆ ಶಿವನಸಮುದ್ರಕ್ಕೆ ಹೋದಾಗ ನಾವೆಲ್ಲ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವೇ ಹೊರತು ಇದು ಗೊತ್ತಿರಲಿಲ್ಲ.

ಇಷ್ಟೆಲ್ಲ ಹೆಸರು ಬಂದ ಮೇಲೆ ಒಂದು ಅನಾಹುತ ಆಯಿತು. 1895ರ ಮಾರ್ಚ್ 13ರ ಬೆಳಗಿನ ಜಾವ ಇವರ ಪ್ರಯೋಗಶಾಲೆ ಬೆಂಕಿಗೆ ಸಿಕ್ಕಿ ಪೂರ್ತಿ ಸುಟ್ಟುಹೋಯಿತು. ಯಂತ್ರಗಳು, ಬರೆದಿಟ್ಟ ಕಾಗದಗಳು ಎಲ್ಲ ಹೋದವು. ವಿಮೆ ಕೂಡ ಮಾಡಿಸಿರಲಿಲ್ಲ. ಆದರೂ ಇನ್ನೊಂದು ಪ್ರಯೋಗಶಾಲೆ ಮಾಡಿ ಮೂರು ವರ್ಷದಲ್ಲಿ ಕಟ್ಟಿದ್ದೇ ಆ ದೋಣಿ.

ಈಗ ದೋಣಿಯ ವಿಷಯಕ್ಕೆ ಬಂದೆ. ಇದನ್ನು ನಿಧಾನವಾಗಿ ಹೇಳುತ್ತೇನೆ.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬಲ್ಲಿ ವಿದ್ಯುತ್ ವಸ್ತುಪ್ರದರ್ಶನ ನಡೆಯಿತು. ಟೆಸ್ಲಾ ಅವರು ಅಲ್ಲಿ ಒಂದು ನೀರಿನ ತೊಟ್ಟಿ ಮಾಡಿಸಿ, ಮೂರು ನಾಲ್ಕು ಅಡಿ ಉದ್ದದ ದೋಣಿಯನ್ನು ಬಿಟ್ಟರು. ದೋಣಿಯ ಮೇಲೆ ಒಂದು ಉದ್ದ ಕಡ್ಡಿ ನಿಂತಿತ್ತು, ಅದೇ ಆಂಟೆನಾ. ಹಿಂದೆ ಮುಂದೆ ಪುಟ್ಟ ದೀಪಗಳು. ದೂರದಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಹಿಡಿ. ಟೆಸ್ಲಾ ಆ ಹಿಡಿ ತಿರುಗಿಸಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ನಿಲ್ಲುತ್ತದೆ, ಹೊರಡುತ್ತದೆ. ಪೆಟ್ಟಿಗೆಗೂ ದೋಣಿಗೂ ನಡುವೆ ಏನೂ ಇಲ್ಲ! ಆಗ ಯಾರ ಮನೆಯಲ್ಲೂ ರೇಡಿಯೋ ಇರಲಿಲ್ಲ. ಜನರಿಗೆ ಹೇಗೆ ಅರ್ಥವಾಗಬೇಕು? ಕೆಲವರು ಇದು ಮಾಟ ಅಂದುಕೊಂಡರು. ಕೆಲವರು ಒಳಗೆ ತರಬೇತಿ ಕೊಟ್ಟ ಕೋತಿ ಕೂರಿಸಿದ್ದಾರೆ ಅಂದರಂತೆ. ಟೆಸ್ಲಾ ಅವರಿಗೂ ತಮಾಷೆ ಇಷ್ಟ. ದೋಣಿಯನ್ನೇ ಪ್ರಶ್ನೆ ಕೇಳಿ ಅಂತ ಜನರಿಗೆ ಹೇಳುತ್ತಿದ್ದರು. 64ರ ಘನಮೂಲ ಎಷ್ಟು ಅಂತ ಒಬ್ಬರು ಕೇಳಿದಾಗ ದೋಣಿಯ ದೀಪ ನಾಲ್ಕು ಸಲ ಮಿನುಗಿತು ಅಂತ ಹೇಳುತ್ತಾರೆ. ಲೆಕ್ಕ ಮಾಡಿದ್ದು ದೋಣಿಯಲ್ಲ, ಹಿಡಿ ಹಿಡಿದುಕೊಂಡಿದ್ದ ಟೆಸ್ಲಾ ಅವರೇ.

ಒಳಗೆ ಏನಿತ್ತು ಅಂತ ಮೇಷ್ಟ್ರು ಚಿತ್ರ ಬರೆದು ಹೇಳಿದರು. ಅದೇ ಚಿತ್ರವನ್ನು ಕೆಳಗೆ ಬರೆದಿದ್ದೇನೆ, ಸ್ವಲ್ಪ ಸೊಟ್ಟ ಆಗಿದೆ. ಕೆಳಗಡೆ ಬ್ಯಾಟರಿಗಳು. ಒಂದು ಮೋಟಾರು ಹಿಂದಿನ ರೆಕ್ಕೆ ತಿರುಗಿಸಿ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಇನ್ನೊಂದು ಮೋಟಾರು ಚುಕ್ಕಾಣಿಯನ್ನು ತಿರುಗಿಸುತ್ತದೆ. ನಮ್ಮ ಪಟಪಟ ದೋಣಿಯಲ್ಲಿ ಕೈಯಿಂದ ಬಗ್ಗಿಸಿದೆವಲ್ಲ, ಆ ಕೆಲಸ ಇದರದ್ದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊಹಿರರ್ ಎಂಬ ಪುಟ್ಟ ಕೊಳವೆ. ಅದರಲ್ಲಿ ಲೋಹದ ಪುಡಿ ಇರುತ್ತದೆ. ಸುಮ್ಮನಿದ್ದಾಗ ಆ ಪುಡಿಯಲ್ಲಿ ಕರೆಂಟು ಹರಿಯುವುದಿಲ್ಲ. ರೇಡಿಯೋ ಅಲೆ ಬಂದು ಆಂಟೆನಾಕ್ಕೆ ತಾಗಿದ ಕೂಡಲೇ ಪುಡಿ ಒಂದಕ್ಕೊಂದು ಅಂಟಿಕೊಂಡು ಕರೆಂಟಿಗೆ ದಾರಿ ಬಿಡುತ್ತದೆ. ಆ ಕರೆಂಟು ಮೋಟಾರಿನ ಸ್ವಿಚ್ಚನ್ನು ಎಳೆಯುತ್ತದೆ.

ಆದರೆ ಇಲ್ಲೇ ತೊಂದರೆ. ಒಮ್ಮೆ ಅಂಟಿಕೊಂಡ ಪುಡಿ ಅಂಟಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಟ್ಟಿಯಾಗುತ್ತಲ್ಲ ಹಾಗೆ. ಹಾಗಾದರೆ ಎರಡನೇ ಸಂಕೇತ ಬಂದದ್ದು ಗೊತ್ತಾಗುವುದು ಹೇಗೆ? ಉಪ್ಪಿನ ಡಬ್ಬಿಯನ್ನು ಅವ್ವ ತಲೆಕೆಳಗು ಮಾಡಿ ಅಲ್ಲಾಡಿಸುತ್ತಾಳೆ. ಟೆಸ್ಲಾ ಮಾಡಿದ್ದೂ ಅದೇ! ಪ್ರತಿ ಸಂಕೇತ ಬಂದ ಮೇಲೆ ಕೊಳವೆ ತಾನೇ ಮಗುಚಿಕೊಂಡು ಪುಡಿ ಸಡಿಲವಾಗುವ ಹಾಗೆ ಏರ್ಪಾಟು ಮಾಡಿದ್ದರು. ಮತ್ತೆ ಎಡಕ್ಕೆ ಒಂದು ಸಂಕೇತ, ಬಲಕ್ಕೆ ಬೇರೆ ಸಂಕೇತ ಅಂತ ಇರಲಿಲ್ಲ. ಒಂದೊಂದು ಸಂಕೇತಕ್ಕೆ ಒಳಗಿನ ಒಂದು ಚಕ್ರ ಗಡಿಯಾರದ ಹಲ್ಲಿನ ಹಾಗೆ ಒಂದೊಂದೇ ಹೆಜ್ಜೆ ತಿರುಗುತ್ತಿತ್ತು. ಒಂದು ಹೆಜ್ಜೆಗೆ ಚುಕ್ಕಾಣಿ ಒಂದು ಕಡೆಗೆ, ಮುಂದಿನ ಹೆಜ್ಜೆಗೆ ನಿಲ್ಲುವುದು, ಅದರ ಮುಂದಿನದಕ್ಕೆ ಇನ್ನೊಂದು ಕಡೆಗೆ. ಎಷ್ಟು ಕಡಿಮೆ ಸಾಮಾನಿನಲ್ಲಿ ಎಷ್ಟು ಕೆಲಸ ನೋಡಿ. ನಮ್ಮ ದೇಶದ ಜಗದೀಶಚಂದ್ರ ಬೋಸರೂ 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ತಂತಿಯಿಲ್ಲದ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದ್ದರು.

ಟೆಸ್ಲಾ ಅವರಿಗೆ 1898ರ ನವೆಂಬರ್ 8ರಂದು ಈ ದೋಣಿಗೆ ಪೇಟೆಂಟ್ ಸಿಕ್ಕಿತು. ಅದರ ನಂಬರು 613809. ಪೇಟೆಂಟ್ ಕಚೇರಿಯ ಅಧಿಕಾರಿಗೆ ನಂಬಿಕೆ ಬರದೆ, ತಾನೇ ಬಂದು ಕಣ್ಣಾರೆ ನೋಡಿದ ಮೇಲೆಯೇ ಕೊಟ್ಟರು.

ಈ ದೋಣಿ ಯಾವುದಕ್ಕೆ ಉಪಯೋಗ ಅಂತಲೂ ಟೆಸ್ಲಾ ಪೇಟೆಂಟಿನಲ್ಲೇ ಬರೆದಿದ್ದಾರೆ. ಮುಳುಗುತ್ತಿರುವವರನ್ನು ಉಳಿಸುವ ದೋಣಿ ಮಾಡಬಹುದು, ಮನುಷ್ಯರು ಹೋಗಲಾಗದ ಕಡೆಗೆ ಕಾಗದ, ಆಹಾರ ಕಳಿಸಬಹುದು ಅಂತ. ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಆದರೆ ಕೊನೆಗೆ ಇದರ ಅತಿ ದೊಡ್ಡ ಉಪಯೋಗ ಯುದ್ಧದಲ್ಲಿ ಅಂತಲೂ ಬರೆದಿದ್ದಾರೆ. ಇಷ್ಟು ಭಯಂಕರ ಆಯುಧ ಇದೆ ಅಂತ ಗೊತ್ತಾದರೆ ದೇಶಗಳು ಹೆದರಿ ಯುದ್ಧವನ್ನೇ ನಿಲ್ಲಿಸುತ್ತವೆ ಅಂತ ಅವರ ಯೋಚನೆ. ಆ ವರ್ಷ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ನಡೆಯುತ್ತಿತ್ತು. ಅಮೆರಿಕದ ಸರ್ಕಾರ ದೋಣಿಯನ್ನು ತೆಗೆದುಕೊಳ್ಳಲಿಲ್ಲ. ವಾಷಿಂಗ್ಟನ್ನಿನ ಒಬ್ಬ ಅಧಿಕಾರಿ ಇವರು ಹೇಳಿದ್ದನ್ನು ಕೇಳಿ ಜೋರಾಗಿ ನಕ್ಕುಬಿಟ್ಟರಂತೆ. ಟೆಸ್ಲಾ ಅವರ ಈ ಯೋಚನೆ ತಪ್ಪು ಅಂತ ನನ್ನ ಅಭಿಪ್ರಾಯ. 1914ರಲ್ಲಿ ಮೊದಲನೇ ಮಹಾಯುದ್ಧ ಆಯಿತು, 1939ರಲ್ಲಿ ಎರಡನೆಯದು ಆಯಿತು, ಆಯುಧ ನೋಡಿ ಯಾರೂ ಹೆದರಿ ನಿಲ್ಲಿಸಲಿಲ್ಲ. ಆದರೆ ಮೇಷ್ಟ್ರು, ದೋಣಿಯೊಳಗೆ ಮನುಷ್ಯ ಇಲ್ಲದಿದ್ದರೆ ಒಬ್ಬ ಸಾಯುವುದು ತಪ್ಪುತ್ತಲ್ಲ, ಅದನ್ನೂ ಯೋಚನೆ ಮಾಡು ಅಂದರು. ಯೋಚನೆ ಮಾಡುತ್ತಿದ್ದೇನೆ. ಎದುರುಗಡೆ ಹಡಗಿನಲ್ಲಿ ಇರುವವನೂ ಮನುಷ್ಯನೇ ಅಲ್ಲವೇ.

ಈ ಪೇಟೆಂಟಿನ ಅವಧಿ 1915ಕ್ಕೆ ಮುಗಿಯಿತು. ಟೆಸ್ಲಾ ಅವರಿಗೆ ಅದರಿಂದ ಹಣ ಬರಲಿಲ್ಲ. ಈಗ ಗದ್ದೆಗೆ ಔಷಧಿ ಹೊಡೆಯಲು ಬರುವ ಡ್ರೋನ್ ಇದೆಯಲ್ಲ, ಅದರ ಮೂಲ ಈ ದೋಣಿಯೇ. 2023ರಲ್ಲಿ ಚಂದ್ರನ ಮೇಲೆ ನಮ್ಮ ಪ್ರಜ್ಞಾನ್ ಗಾಡಿ ಓಡಾಡಿದ್ದೂ ಬೆಂಗಳೂರಿನಿಂದ ರೇಡಿಯೋ ಮೂಲಕ ಕಳಿಸಿದ ಆಜ್ಞೆಗಳಿಂದ.

ಹಾಗೇ ಪೆಟ್ರೋಲಿನಿಂದ ಓಡುವ ಮಾದರಿ ದೋಣಿಗಳೂ ಇವೆ ಅಂತ ಮೇಷ್ಟ್ರು ಹೇಳಿದರು. ಅದರ ಎಂಜಿನ್ನು ಕಳೆ ಕತ್ತರಿಸುವ ಯಂತ್ರದ ಎಂಜಿನ್ನಿನ ಜಾತಿಯದು, ಸುಮಾರು 26 ಸಿ.ಸಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಬೆರೆಸದಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತೆ. ಎಂಜಿನ್ನಿನ ಬಿಸಿ ಇಳಿಸಲು ಕೆರೆಯ ನೀರೇ ಪೈಪಿನಲ್ಲಿ ಹರಿದು ಹೊರಗೆ ಹೋಗುತ್ತದೆ. ಒಂದು ಪುಟ್ಟ ಮೋಟಾರು ಚುಕ್ಕಾಣಿಗೆ, ಇನ್ನೊಂದು ಕಾರ್ಬುರೇಟರಿಗೆ. ಆಟ ಮುಗಿದ ಮೇಲೆ ನೀರು ಒರೆಸಿ, ರೆಕ್ಕೆಯ ದಂಡಕ್ಕೆ ಗ್ರೀಸ್ ಹಚ್ಚಿ, ಉಳಿದ ಪೆಟ್ರೋಲ್ ತೆಗೆದಿಡಬೇಕಂತೆ. ನಮ್ಮ ಕೈಗೆ ಎಟುಕುವ ಬೆಲೆಯಲ್ಲ ಅದು. ಎಂಜಿನ್ ಯಾವುದೇ ಇರಲಿ, ದಡದಿಂದ ಚುಕ್ಕಾಣಿ ತಿರುಗಿಸುವ ಆ ಉಪಾಯ ಮಾತ್ರ 1898ರದ್ದೇ.

ಟೆಸ್ಲಾ ಅವರ ಮುಂದಿನ ಜೀವನ ಅಷ್ಟು ಸುಖವಾಗಿರಲಿಲ್ಲ. 1899ರಲ್ಲಿ ಕೊಲರಾಡೋದಲ್ಲಿ ಕೃತಕ ಮಿಂಚು ಮಾಡಿದರು. 1901ರಲ್ಲಿ ಮಾರ್ಗನ್ ಎಂಬ ಶ್ರೀಮಂತರ ಹಣದಿಂದ ವಾರ್ಡನ್‌ಕ್ಲಿಫ್ ಎಂಬಲ್ಲಿ ದೊಡ್ಡ ಗೋಪುರ ಕಟ್ಟಿಸಲು ಹೊರಟರು. ತಂತಿಯಿಲ್ಲದೆ ಪ್ರಪಂಚಕ್ಕೆಲ್ಲ ಸುದ್ದಿಯನ್ನೂ ವಿದ್ಯುತ್ತನ್ನೂ ಕಳಿಸಬೇಕು ಅಂತ ಆಸೆ. ಮಾರ್ಗನ್ ಮುಂದೆ ಹಣ ಕೊಡಲಿಲ್ಲ. ಗೋಪುರವನ್ನು 1917ರಲ್ಲಿ ಕೆಡವಿದರು. ಮೋಟಾರಿನ ರಾಯಧನವನ್ನೂ ಮೊದಲೇ ಬಿಟ್ಟುಕೊಟ್ಟಿದ್ದರು. ಮದುವೆಯಾಗಲಿಲ್ಲ. ಹೋಟೆಲಿನಿಂದ ಹೋಟೆಲಿಗೆ ಬಾಡಿಗೆ ಬಾಕಿ ಉಳಿಸಿಕೊಂಡು ಬದುಕಿದರು. ಪಾರಿವಾಳ ಅಂದರೆ ಪ್ರಾಣ, ದಿನಾ ಕಾಳು ಹಾಕುತ್ತಿದ್ದರು, ಗಾಯಗೊಂಡವನ್ನು ಕೋಣೆಗೆ ತಂದು ಆರೈಕೆ ಮಾಡುತ್ತಿದ್ದರು. 1943ರ ಜನವರಿ 7ರಂದು ನ್ಯೂಯಾರ್ಕಿನ ಒಂದು ಹೋಟೆಲಿನ 33ನೇ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಆಗ ಅವರಿಗೆ 86 ವರ್ಷ. 1960ರಲ್ಲಿ ಕಾಂತಶಕ್ತಿ ಅಳೆಯುವ ಒಂದು ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು. ಅವರ ಚಿತಾಭಸ್ಮವನ್ನು ಬೆಲ್‌ಗ್ರೇಡಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ನನ್ನ ದೋಣಿ ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಒಂದು ವಾರ ಆದ ಮೇಲೆ ಅಣ್ಣ ಉದ್ದದ ಬಿದಿರು ಗಳ ತೆಗೆದುಕೊಂಡು ಹೋಗಿ ಜೊಂಡಿನಿಂದ ಎಳೆದು ತಂದ. ಜೊಂಡಿಗೆ ಸಿಕ್ಕಿ ಓರೆಯಾಗಿ ಕೊಳವೆಯಲ್ಲಿ ನೀರು ಖಾಲಿಯಾದ ಮೇಲೂ ಬತ್ತಿ ಉರಿದಿತ್ತು, ಅದಕ್ಕೇ ಬೆಸುಗೆ ಕರಗಿ ಡಬ್ಬಿ ಬಾಯಿ ಬಿಟ್ಟಿತ್ತು. ಪಾತ್ರೆಗೆ ಕಲಾಯಿ ಹಾಕುವವರು ಊರಿಗೆ ಬಂದಾಗ 20 ರೂಪಾಯಿ ಕೊಟ್ಟು ಬೆಸುಗೆ ಹಾಕಿಸಿದೆವು. ಈಗ ಆಡಿದ ಮೇಲೆ ಪ್ರತಿ ಸಲ ಕೊಳವೆ ಊದಿ ನೀರು ತೆಗೆಯುತ್ತೇನೆ, ಮಸಿ ಒರೆಸಿ, ತುಕ್ಕು ಹಿಡಿಯದ ಹಾಗೆ ಕೊಬ್ಬರಿ ಎಣ್ಣೆ ಸವರಿ ಗೂಡಿನಲ್ಲಿ ಇಡುತ್ತೇನೆ. ಕೆರೆಗೆ ಒಬ್ಬನೇ ಹೋಗುವುದಿಲ್ಲ. ಅಣ್ಣ ಬಂದಾಗ ಮಾತ್ರ, ಮೆಟ್ಟಿಲ ಮೇಲೆ ಕೂತು, ದೋಣಿಯ ಹಿಂದಕ್ಕೆ ಗಾಳಿಪಟದ ದಾರ ಕಟ್ಟಿ ಬಿಡುತ್ತೇವೆ. ದಾರ ಎಳೆದರೆ ವಾಪಸ್ ಬರುತ್ತದೆ.

– 7ನೇ ತರಗತಿ ವಿದ್ಯಾರ್ಥಿ